ಹಳದಿ ಗೆರೆ ಬಿಟ್ಟು ನಿಂತುಕೊಳ್ಳಿ

ನಮ್ಮ ಭಾವ ಜೀವಮಾನದಲ್ಲಿ ಒಂದು ವಿಮಾನವನ್ನೂ ಹಾರಿಸಿದವರಲ್ಲ. ಆಟದ ವಿಮಾನವನ್ನೂ ಇಲ್ಲ. ಕಾಗದದ್ದನ್ನು ಮಡಿಸಲು ಬರುತ್ತದೆಯೇ ಎಂಬುದೂ ನನಗೆ ಅನುಮಾನ. ಆದರೂ ಅವರ ಮನೆಯಂಗಳದಲ್ಲಿ ನನಗೆ ಗೊತ್ತಿರುವಂತೆಯೇ ನಾಲ್ಕು ವಿಮಾನಾಪಘಾತಗಳು ನಡೆದಿವೆ. ನೆಲ ಬಿಟ್ಟು ಒಂದಂಗುಲ ಮೇಲೇಳದೆ ಇಷ್ಟು ಹಾನಿ ಮಾಡಿದ ವೈಮಾನಿಕರು ಬೇರೆ ಯಾರಾದರೂ ಇದ್ದಾರೆಯೇ? ಇದ್ದರೆ ಅವರ ಭಾವಮೈದನನ್ನು ನಾನೊಮ್ಮೆ ನೋಡಬೇಕು. ಇಬ್ಬರೂ ಕೂತು ಕಾಫಿ ಕುಡಿಯುತ್ತಾ ಬೈದುಕೊಳ್ಳಬಹುದು.

ಬೈಯಲು ನನಗೆ ಕಾರಣವಿದೆ. ನಾಲ್ಕನೆಯ ಅಪಘಾತದಲ್ಲಿ ನಮ್ಮಕ್ಕನ ಬಲಗೈ ತೋರುಬೆರಳಿನ ತುದಿ ಹೋಯಿತು. ಅಕ್ಕ ರವಿಕೆ ಹೊಲಿಯುವವಳು. ಸುತ್ತಲಿನ ಊರುಗಳಲ್ಲಿ ಯಾವ ಮದುವೆಯಾದರೂ ಹೆಣ್ಣಿನ ಕಡೆಯವರು ಬಟ್ಟೆ ಗಂಟು ಕಟ್ಟಿಕೊಂಡು ಮೊದಲು ಬರುತ್ತಿದ್ದದ್ದು ಅವಳ ಬಾಗಿಲಿಗೆ. ಕತ್ತರಿ ಹಿಡಿಯುವವಳಿಗೆ ಆ ಬೆರಳಿಲ್ಲವೆಂದರೆ ಏನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮುಂದೆ ನಾನು ನಗಿಸುವಂತೆ ಬರೆದರೆ ಅದು ಪ್ರೀತಿಯಿಂದ ಎಂದು ಯಾರೂ ತಿಳಿಯಬೇಡಿ.

ಭಾವನ ಹುಚ್ಚು ಇಷ್ಟೇ: ಆಟದ ವಿಮಾನಗಳ ಮೂತಿಗೆ ಕೂರಿಸುವ, ಅಂಗೈಯಲ್ಲಿ ಹಿಡಿಯುವಂಥ ಎಂಜಿನ್‌ಗಳು. ಎಲ್ಲೆಲ್ಲಿಂದಲೋ ಹಳೆಯವನ್ನು ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಒಂದು ಬೆಂಚಿಗೆ ಬಿಗಿದು, ಮೂತಿಗೆ ಫ್ಯಾನಿನಂತೆ ತಿರುಗುವ ರೆಕ್ಕೆ ಹಾಕಿ ಓಡಿಸಿ ನೋಡುವುದು. ಓಡಿದರೆ ನಿಲ್ಲಿಸಿ, ಒರೆಸಿ, ಎತ್ತಿಡುವುದು. ಅಲ್ಲಿಗೆ ಮುಗಿಯಿತು. ಹತ್ತಿಸಬೇಕಾದರೆ ಬ್ಯಾಟರಿಯ ಕ್ಲಿಪ್ಪು ಸಿಕ್ಕಿಸಿ ರೆಕ್ಕೆಯನ್ನು ಕೈಯಿಂದ ತಿರುವಬೇಕು. ಅದಕ್ಕೆ ಕುಡಿಸುವುದು ಮೆಥನಾಲ್ ಮತ್ತು ಹರಳೆಣ್ಣೆ. ಹರಳೆಣ್ಣೆ ಅಕ್ಕನ ತಲೆಗೆಂದು ನಮ್ಮಮ್ಮ ತೂಬಗೆರೆಯಿಂದ ಕಾಯಿಸಿ ಕಳಿಸುತ್ತಿದ್ದದ್ದು. ಅಕ್ಕನ ಕೂದಲು ಬೆಳೆಯಲಿಲ್ಲವೇಕೆ ಎಂದು ಅಮ್ಮ ಬಹಳ ಕಾಲ ಯೋಚಿಸಿದಳು.

"ಭಾವ, ಎಂಜಿನ್ ಇದೆ, ವಿಮಾನ ಎಲ್ಲಿ?" ಎಂದು ಒಮ್ಮೆ ಕೇಳಿದೆ.

ಅವರ ಊರು ದೇವನಹಳ್ಳಿ ಕಡೆ. ತಲೆಯ ಮೇಲೆಯೇ ದೊಡ್ಡ ವಿಮಾನಗಳು ಚಕ್ರ ಬಿಟ್ಟುಕೊಂಡು ಇಳಿಯುತ್ತವೆ. ಅಲ್ಲಿ ಆಟದ ವಿಮಾನ ಹಾರಿಸಿದರೆ ಪೊಲೀಸರು ಮನೆಗೆ ಬರುತ್ತಾರೆ. ಭಾವ ಆಕಾಶದ ಕಡೆ ಗಲ್ಲ ಎತ್ತಿ ತೋರಿಸಿದರು.

"ಮೇಲಿನ ರೋಡು ದೊಡ್ಡೋರ್ದು ಭಾಮೈದ. ನಮ್ದು ಬರೀ ಗ್ಯಾರೇಜು."

ಇಷ್ಟಾಗಿದ್ದರೆ ಇಂಥವರು ಊರಿಗೊಬ್ಬರು ಇರುತ್ತಾರೆ ಎಂದು ಸುಮ್ಮನಿರಬಹುದಿತ್ತು. ಆದರೆ ಈ ಮನುಷ್ಯನ ಕೆಲಸ ಏನು ಗೊತ್ತೇ? ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್. ಹೆಲ್ಮೆಟ್ ಹಾಕದವರನ್ನು ಗೇಟಿನಲ್ಲೇ ನಿಲ್ಲಿಸುವವರು. ಪ್ರತಿವರ್ಷ ಸುರಕ್ಷತಾ ಸಪ್ತಾಹದಲ್ಲಿ ಘೋಷವಾಕ್ಯ ಬರೆದು ಬಹುಮಾನ ತರುವವರು. ಅಕ್ಕನ ಅಡುಗೆಮನೆಯ ಫ್ಲಾಸ್ಕು, ಟಿಫನ್ ಕ್ಯಾರಿಯರ್, ನೀರಿನ ಜಗ್ಗು, ಎಲ್ಲವೂ ಸುರಕ್ಷತೆಯ ಫಲ. ಅಂಥವರು ಭಾನುವಾರ ಹವಾಯಿ ಚಪ್ಪಲಿ ಮೆಟ್ಟಿ, ಲುಂಗಿ ಎತ್ತಿಕಟ್ಟಿ, ಬರಿಬೆರಳಿನಿಂದ ಆ ರೆಕ್ಕೆಯನ್ನು ತಿರುವುತ್ತಿದ್ದರು.

ಒಂದು ಎಚ್ಚರಿಕೆ ಮಾತ್ರ ಮನೆಗೂ ಬಂದಿತ್ತು. ತಿರುಗುವ ರೆಕ್ಕೆ ಮುರಿದರೆ ಚೂರು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ, ಪಕ್ಕಕ್ಕೆ ಹಾರುತ್ತದೆಯಂತೆ. ಆದ್ದರಿಂದ ಅಂಗಳದ ಸಿಮೆಂಟಿನ ಮೇಲೆ, ರೆಕ್ಕೆಯ ನೇರಕ್ಕೆ, ಎರಡೂ ಪಕ್ಕ ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದರು. ಗೆರೆ ಅಂಗಳದಲ್ಲಿ ನಿಲ್ಲಲಿಲ್ಲ. ನೀರಿನ ತೊಟ್ಟಿ ಹತ್ತಿ ಇಳಿದು, ಕಾಂಪೌಂಡು ಗೋಡೆ ಏರಿ, ಪಕ್ಕದ ಮನೆಯವರು ಬಿಟ್ಟಿದ್ದರೆ ಹೊಸಕೋಟೆಯವರೆಗೂ ಹೋಗುತ್ತಿತ್ತು. ಅಕ್ಕ ಬೆಳಗ್ಗೆ ರಂಗೋಲಿಯನ್ನು ಅದರ ಪಕ್ಕಕ್ಕೆ ಸರಿಸಿಕೊಂಡು ಹಾಕುತ್ತಿದ್ದಳು. ನಮ್ಮಮ್ಮ ಮಾತ್ರ ಹೋದಾಗಲೆಲ್ಲ ಚಾಪೆಯನ್ನು ಸರಿಯಾಗಿ ಗೆರೆಯ ಮೇಲೇ ಹಾಸಿ ಕೂರುತ್ತಿದ್ದಳು.

"ಅತ್ತೆ, ಗೆರೆ ಬಿಟ್ಟು ಕೂತ್ಕೊಳಿ."

"ನನ್ ಮಗಳ ಮನೇಲಿ ನಾನೆಲ್ಲಿ ಕೂರ್ಬೇಕು ಅಂತ ಆ ಫ್ಯಾನು ಹೇಳ್ತದಾ ಅಳಿಯಂದ್ರೇ?"

ಮೊದಲ ಅಪಘಾತಕ್ಕೆ ಅಕ್ಕನ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡ್ ಕಾರಣ. ಅವಳಿಗೆ ಮೋಟಾರಿನ ಹೊಸ ಯಂತ್ರ ಬಂದ ಮೇಲೆ ಭಾವ ಆ ಸ್ಟ್ಯಾಂಡನ್ನೇ ಬೆಂಚು ಮಾಡಿಕೊಂಡರು. ಎಂಜಿನ್ನನ್ನು ನಾಲ್ಕು ಬೋಲ್ಟ್ ಹಾಕಿ ಬಿಗಿದರು. ಸ್ಟ್ಯಾಂಡಿನ ಕಾಲಿಗೆ ಚಕ್ರಗಳಿದ್ದವು ಎಂಬುದನ್ನು ಮರೆತರು. ಎಂಜಿನ್ ಹತ್ತಿಕೊಂಡಿದ್ದೇ ತಡ, ಅದು ಸ್ಟ್ಯಾಂಡನ್ನು ಎಳೆದುಕೊಂಡು ಅಂಗಳ ದಾಟಿ, ಬಟ್ಟೆ ಒಣಹಾಕಿದ ಹಗ್ಗಕ್ಕೆ ನುಗ್ಗಿತು. ಯಾವುದೋ ಮದುಮಗಳ ರೇಷ್ಮೆ ರವಿಕೆಯ ತೋಳು ರೆಕ್ಕೆಗೆ ಸುತ್ತಿಕೊಂಡ ಮೇಲೆಯೇ ನಿಂತದ್ದು.

"ಎಳೆಯೋ ಶಕ್ತಿ ಚೆನ್ನಾಗಿದೆ" ಎಂದರು ಭಾವ.

"ಹುಡುಗಿ ಕಡೆಯೋರಿಗೆ ಇದನ್ನೇ ಹೇಳ್ಲಾ?" ಎಂದಳು ಅಕ್ಕ.

ಅಂದಿನಿಂದ ಆ ಮನೆಯಲ್ಲಿ ಎಂಜಿನ್ ಓಡುವಾಗ ಜೋತಾಡುವ ಬಟ್ಟೆ ಏನೂ ಹತ್ತಿರ ಇರಬಾರದೆಂದು ಕಾನೂನಾಯಿತು. ಕಾನೂನು ಮಾಡಿದವರ ಹೆಗಲ ಮೇಲೆ ಟವಲು ಇದ್ದೇ ಇತ್ತು. ಎರಡನೆಯ ಅಪಘಾತ ಆ ಟವಲಿನದು. ಮೆಥನಾಲಿಗೆ ಬೆಂಕಿ ಬಿದ್ದರೆ ಬಿಸಿಲಿನಲ್ಲಿ ಜ್ವಾಲೆ ಕಾಣುವುದಿಲ್ಲ. ಇದನ್ನು ಭಾವ ಕಾರ್ಖಾನೆಯಲ್ಲಿ ಪಾಠ ಮಾಡಿದ್ದಾರೆ.

"ರೀ, ಟವಲು ಉರೀತಿದೆ."

"ಎಲ್ಲೇ? ಬೆಂಕಿನೇ ಕಾಣ್ತಿಲ್ಲ."

"ಬೆಂಕಿ ಕಾಣ್ತಿಲ್ಲ, ಆದ್ರೆ ಟವಲು ಚಿಕ್ಕದಾಗ್ತಿದೆ ನೋಡ್ರಿ."

ಮರುದಿನ ಅವರು ಒಂದು ಹುಬ್ಬಿಲ್ಲದ ಮುಖ ಹೊತ್ತು ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ವಿಧಾನ ತೋರಿಸಿದರು. ಅಥವಾ ಮರುವಾರವೋ. ಅಥವಾ ಟವಲು ಮೊದಲು, ರವಿಕೆ ಆಮೇಲೆಯೋ. ಘಟನೆಗಳು ನೆನಪಿನಲ್ಲಿ ಸಾಲಾಗಿ ನಿಲ್ಲುವುದಿಲ್ಲ, ಸಾಲಾಗಿ ನಿಂತ ನೆನಪನ್ನು ನಾನು ನಂಬುವುದೂ ಇಲ್ಲ. ಯಾರೋ ಹಿಂದಿನಿಂದ ತಳ್ಳಿ ನಿಲ್ಲಿಸಿರುತ್ತಾರೆ.

ಮೂರನೆಯದು ಆಯುಧಪೂಜೆ. ಇದರ ದಿನದ ಬಗ್ಗೆ ಅನುಮಾನವಿಲ್ಲ. ಆ ಭಾಗದಲ್ಲಿ ಟ್ರ್ಯಾಕ್ಟರ್, ಬೋರ್‌ವೆಲ್ ಮೋಟಾರು, ಟ್ಯಾಕ್ಸಿ, ಎಲ್ಲಕ್ಕೂ ಪೂಜೆ ಮಾಡಿ, ಚಾಲೂ ಮಾಡಿ, ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ. ಭಾವನ ಎಂಜಿನ್ ಯಾಕೆ ಬಿಡಬೇಕು? ಸೇವಂತಿಗೆ ಹಾರ ಹಾಕಿದರು. ನಿಂಬೆಹಣ್ಣು ಇಟ್ಟರು. ಎಂಜಿನ್ ಓಡಿಸಿದರು. ಕಾಯಿಯೊಳಗೆ ರೂಢಿಯಂತೆ ಕುಂಕುಮ, ಚಿಲ್ಲರೆ ಕಾಸು ತುಂಬಿತ್ತು. ಅದನ್ನು ಓಡುತ್ತಿರುವ ರೆಕ್ಕೆಯ ಮುಂದೆ ಎತ್ತಿ ಒಡೆದರು.

ಹಾರ ಮೊದಲು ಹೋಯಿತು, ಆಮೇಲೆ ಕುಂಕುಮ, ಆಮೇಲೆ ಕಾಸು. ಒಂದು ರೂಪಾಯಿ ಪಕ್ಕದ ಮನೆಯ ಕಿಟಕಿಯ ಗಾಜಿನಲ್ಲಿ ಸಿಕ್ಕಿತು. ಕುಂಕುಮದ ನೀರು ಎಲ್ಲರ ಮೇಲೆ ಎರಚಿ, ಅಂಗಳ ಕುರಿ ಕಡಿದಂತೆ ಕಾಣುತ್ತಿತ್ತು. ಗೆರೆಯ ಮೇಲೆ ಕೂತಿದ್ದ ನಮ್ಮಮ್ಮ ತನ್ನ ಎದೆ ಮುಟ್ಟಿ ನೋಡಿಕೊಂಡು, ಕೈಯೆಲ್ಲ ಕೆಂಪಾದದ್ದು ಕಂಡು, ಅಲ್ಲೇ ಮೂರ್ಛೆ ಹೋದಳು. ಎಚ್ಚರವಾದಾಗ ಕೇಳಿದ ಮೊದಲ ಮಾತು: "ಅಳಿಯ ಇದ್ದಾನಾ?" ಇದ್ದಾರೆ ಎಂದಾಗ ಮತ್ತೆ ಕಣ್ಣು ಮುಚ್ಚಿದಳು.

ಇದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ. ಆದ್ದರಿಂದಲೇ ನಾಲ್ಕನೆಯ ಅಪಘಾತದ ದಿನ ನಾನು ಸುದ್ದಿ ಕೇಳಿ ಆ ಮನೆಗೆ ಓಡಿದಾಗ, ಹಳದಿ ಗೆರೆಯ ಮೇಲೆ ಕೆಂಪು ಕಂಡು ಓಣಿಯ ಮುದುಕಿಯೊಬ್ಬಳು "ಇವತ್ತೇನಪ್ಪಾ ಪೂಜೆ?" ಎಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ. ಅಕ್ಕ ಅಷ್ಟೊತ್ತಿಗೆ ಹೊಸಕೋಟೆಯ ಆಸ್ಪತ್ರೆಯಲ್ಲಿದ್ದಳು.

ಹೇಗಾಯಿತು? ಭಾವನನ್ನೇ ಕೇಳಿದೆವು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ರೆಕ್ಕೆ ಮುರಿದು ಹಾರಿತು, ಅವಳು ಕಾಫಿ ತರುತ್ತಿದ್ದಳು, ಎಂದರು. ಅಮ್ಮನ ಮುಂದೆ, ಬೆಂಚು ಅಲುಗಾಡುತ್ತಿತ್ತು, ಹಿಡಿದುಕೋ ಎಂದು ನಾನೇ ಕರೆದೆ, ಎಂದರು. ಕಾರ್ಖಾನೆಯಲ್ಲಿ, ಬ್ಯಾಟರಿಯ ಕ್ಲಿಪ್ಪು ತೆಗೆಯಲು ಹೇಳಿದ್ದೆ, ಎಂದರಂತೆ. ಪ್ರತಿಸಲವೂ ಕಥೆ ಬೇರೆ. ತಪ್ಪು ಮಾತ್ರ ಪ್ರತಿಸಲವೂ ಅವರದೇ. ಸುಳ್ಳು ಹೇಳಲೂ ಬಾರದ ಮನುಷ್ಯ ಎಂದು ನನಗೆ ಇನ್ನಷ್ಟು ಮೈಯುರಿಯಿತು. ಅಕ್ಕನನ್ನು ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅದನ್ನು ನಾವು ನೋವು ಎಂದುಕೊಂಡೆವು.

ಕಾರ್ಖಾನೆಯವರು ಅವರನ್ನು ಸೇಫ್ಟಿಯಿಂದ ತೆಗೆದು ಸ್ಟೋರಿಗೆ ಹಾಕಿದರು. ಮನೆಯಲ್ಲಿ ಹೆಂಡತಿಯ ಬೆರಳು ಕಾಯಲಾಗದವನು ಇಲ್ಲಿ ಯಾರನ್ನು ಕಾಯುತ್ತಾನೆ ಎಂದು ಕ್ಯಾಂಟೀನಿನಲ್ಲಿ ಎದುರಿಗೇ ಆಡಿಕೊಂಡರಂತೆ. ಕೇಳಿ ನನಗೆ ಸಂತೋಷವಾಯಿತು. ಎಂಜಿನ್‌ಗಳು ಅಟ್ಟ ಸೇರಿದವು. ಬಹುಮಾನದ ಫ್ಲಾಸ್ಕುಗಳು ನಿಂತವು. ಅಕ್ಕನ ಬಳಿ ಬರುವ ಬಟ್ಟೆ ಗಂಟುಗಳೂ ಕಡಿಮೆಯಾದವು. ಫಾಲ್ ಹಚ್ಚುವುದು, ಹುಕ್ಕು ಹಾಕುವುದು ಉಳಿಯಿತು. ನಾನು ಹಬ್ಬಕ್ಕೆ ಹೋದರೆ ಭಾವನ ಜೊತೆ ಹವಾಮಾನ ಮಾತ್ರ ಮಾತಾಡುತ್ತಿದ್ದೆ.

ಹೀಗಿರುವಾಗ ಈ ವರ್ಷ ಅಮ್ಮ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾ ಹಿಂದಿನಿಂದ ಒಂದು ಸದ್ದು ಕೇಳಿದಳು. ದೊಡ್ಡ ಜೀರುಂಡೆಯನ್ನು ಡಬ್ಬಿಯಲ್ಲಿ ಕೂಡಿಹಾಕಿದಂಥ ಸದ್ದು. ಫೋನ್ ಇಟ್ಟವಳೇ ನನಗೆ ಮಾಡಿದಳು.

"ಆ ಫ್ಯಾನು ಮತ್ತೆ ಶುರುವಾಗಿದೆ ಕಣೋ. ನೀನು ಹೋಗಿ ಎಲ್ಲಾನೂ ಗುಜರಿಗೆ ಹಾಕ್ಬಿಟ್ಟು ಬಾ. ಕೊಡ್ದಿದ್ರೆ ನನ್ ಮಗಳನ್ನ ಕರ್ಕೊಂಡ್ ಬಾ."

ಗೋಣಿಚೀಲ ತೆಗೆದುಕೊಂಡು ಹೋದೆ. ನಿಜ ಹೇಳುವುದಾದರೆ ಖುಷಿಯಾಗಿಯೇ ಹೋದೆ. ಅಕ್ಕ ಒಳಗೆ ಹೊಲಿಯುತ್ತಿದ್ದಳು. ಅಂಗಳದಲ್ಲಿ ಸ್ಟ್ಯಾಂಡು ಇತ್ತು, ಚಕ್ರ ಬಿಚ್ಚಿ ನೆಲಕ್ಕೆ ಬೋಲ್ಟ್ ಹಾಕಿತ್ತು. ಹಳದಿ ಗೆರೆಗೆ ಹೊಸ ಬಣ್ಣ ಬಂದಿತ್ತು. ಭಾವ ಚೀಲ ನೋಡಿದರು. ಬೆಂಚಿನ ಮೇಲಿದ್ದ ಎಂಜಿನ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಒಳಗಿನಿಂದ ಇನ್ನೆರಡು ತಂದು, ಅವನ್ನೂ ಒರೆಸಿ ಕೊಟ್ಟರು. ಮೂರೂ ಚೀಲ ಸೇರಿದವು. ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ನನ್ನ ಬಾಯಲ್ಲೇ ಕೊಳೆತವು.

ಹೊಲಿಗೆ ಯಂತ್ರದ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದಳು.

"ಅದನ್ನ ಕೆಳಗಿಡೋ."

"ಅಮ್ಮ ಹೇಳಿದ್ದಾಳೆ. ಗುಜರಿಗೆ."

"ನನ್ನದನ್ನ ಗುಜರಿಗೆ ಹಾಕೋಕೆ ಅಮ್ಮ ಯಾರು?"

"ನಿನ್ನದಾ?"

ಭಾವ ನಡುವೆ ಬಂದರು. "ಸುಮ್ನಿರೇ. ತಗೊಂಡು ಹೋಗ್ಲಿ ಬಿಡು."

"ನೀವ್ ಸುಮ್ನಿರ್ರಿ. ಸಾಕು ನೀವು ಹೇಳಿದ್ದು." ಅಕ್ಕ ನನ್ನ ಕಡೆ ತಿರುಗಿದಳು. "ಅವತ್ತು ಇವ್ರು ಮನೇಲೇ ಇರ್ಲಿಲ್ಲ ಕಣೋ. ಪೇಟೆಗೆ ಹೋಗಿದ್ರು. ನಾನೇ ಬ್ಯಾಟರಿ ಕೊಟ್ಟೆ, ನಾನೇ ತಿರುವ್ದೆ."

"ಯಾಕೆ?"

"ಯಾಕೆ ಅಂದ್ರೆ? ಎಷ್ಟು ಭಾನುವಾರ ನೋಡ್ಕೊಂಡು ಕೂತಿದ್ದೆ. ನನ್ ಕೈಗೂ ಹತ್ತುತ್ತಾ ಅಂತ ನೋಡ್ಬೇಕು ಅನ್ನಿಸ್ತು."

ಎಷ್ಟೋ ಕೇಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ. "ಹತ್ತಿತಾ?"

"ಮೊದಲ್ನೇ ಏಟಿಗೇ ಹತ್ತಿತು. ಅದಕ್ಕೇ ಬೆರಳು ಹೋಯ್ತು. ಇವ್ರ ಥರ ಹತ್ತದೇ ಇದ್ದಿದ್ರೆ ಉಳೀತಿತ್ತು."

ನಾನು ಅವಳ ಬೆರಳನ್ನು ನೋಡಿದೆ. ಇಷ್ಟು ವರ್ಷ ನೋಡಿದ್ದೇ. ದೂರದಿಂದ ಹಾರಿಬಂದ ಚೂರು ಉಗುರಿನ ಬುಡಕ್ಕೆ ಸರಿಯಾಗಿ, ಅಷ್ಟು ನೇರವಾಗಿ ಹೇಗೆ ಕತ್ತರಿಸೀತು? ರೆಕ್ಕೆ ತಿರುವಿ ಕೈ ಹಿಂದೆಗೆಯಲು ತಡವಾದ ಬೆರಳು ಅದು. ನೋಡಿದರೆ ಯಾರಿಗಾದರೂ ತಿಳಿಯುವಂಥದ್ದು. ಸಿಟ್ಟು ಇದ್ದಲ್ಲಿ ಕಣ್ಣಿಗೆ ಕೆಲಸ ಇರುವುದಿಲ್ಲ.

ಸಿಟ್ಟಾದರೂ ಎಲ್ಲಿಗೆ ಹೋಗಬೇಕು? ಅದು ಈಗ ಮತ್ತೊಂದು ಕಡೆಯಿಂದ ಬಂತು. "ಭಾವ, ನೀವ್ಯಾಕೆ ಹಂಗೆ ಹೇಳಿದ್ರಿ? ಸೇಫ್ಟಿ ಕೆಲಸ ಹೋಯ್ತಲ್ಲ. ಊರೆಲ್ಲ ಉಗೀತಲ್ಲ. ನಾನು..."

ಭಾವ ಎಣ್ಣೆ ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು.

"ನಿಮ್ಮಮ್ಮನ ಕೈಲಿ ಬೈಸ್ಕೊಂಡು ನನಗೆ ಅಭ್ಯಾಸ ಇದೆ ಭಾಮೈದ. ಇವಳಿಗಿಲ್ಲ." ಬಟ್ಟೆ ಮಡಿಸಿಟ್ಟು, "ಆಮೇಲೆ, ಎಂಜಿನ್ ಇಟ್ಟಿದ್ದು ನಾನು. ಬ್ಯಾಟರಿ ಬಿಚ್ಚಿಡದೆ ಪೇಟೆಗೆ ಹೋಗಿದ್ದೂ ನಾನು. ಸೇಫ್ಟಿ ಲೆಕ್ಕದಲ್ಲಿ ಅದು ನನ್ನ ತಪ್ಪೇ" ಎಂದರು.

ಅವರು ನಂಬಿಯೇ ಹಾಗೆ ಹೇಳಿದರೋ, ಅಕ್ಕನ ಮುಖ ನೋಡಿ ಹೇಳಿದರೋ ಗೊತ್ತಾಗಲಿಲ್ಲ. ಕೇಳಿದ್ದರೆ ಇನ್ನೊಂದು ಕಥೆ ಹೇಳುತ್ತಿದ್ದರು.

ಅಕ್ಕ ಚೀಲದಿಂದ ಮೂರೂ ಎಂಜಿನ್ ತೆಗೆದುಕೊಂಡು, ಒಂದನ್ನು ತಾನೇ ಬೆಂಚಿಗೆ ಬಿಗಿದಳು. ಬೋಲ್ಟ್‌ಗಳನ್ನು ಮಧ್ಯದ ಬೆರಳಿನಲ್ಲಿ ತಿರುಗಿಸುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ರೆಕ್ಕೆ ತಿರುವಲು ಈಗ ಬೆರಳಿಲ್ಲ, ಹಳೆಯ ಲಟ್ಟಣಿಗೆಗೆ ಸೈಕಲ್ ಟ್ಯೂಬು ಸುತ್ತಿ ಮಾಡಿದ ಕೋಲಿದೆ. ಭಾವ ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದರು. ನಾನು ಗೆರೆಯ ಮೇಲೆ ನಿಂತಿದ್ದೆ.

ಎರಡು ಸಲ ಹತ್ತಲಿಲ್ಲ. ಮೂರನೆಯ ಸಲ ಹತ್ತಿತು. ಅಕ್ಕ ಸುತ್ತಿ ಎಂಜಿನ್ನಿನ ಹಿಂದೆ ಬಂದು, ಕಿವಿ ವಾರೆ ಮಾಡಿ, ಇಂಧನ ಬಿಡುವ ಸಣ್ಣ ತಿರುಪನ್ನು ಚೂರುಚೂರೇ ತಿರುಗಿಸತೊಡಗಿದಳು. ಸದ್ದು ತೆಳುವಾಗಿ, ಏರಿ, ಒಂದೇ ಸಮನಾಯಿತು. ಸುಟ್ಟ ಹರಳೆಣ್ಣೆಯ ವಾಸನೆ ಅಂಗಳ ತುಂಬಿತು. ಮೇಲೆ ದೊಡ್ಡ ವಿಮಾನವೊಂದು ಇಳಿದುಹೋಯಿತು. ಇಬ್ಬರೂ ತಲೆಯೆತ್ತಲಿಲ್ಲ.

ನಾನು ಖಾಲಿ ಗೋಣಿಚೀಲ ಹಿಡಿದುಕೊಂಡು ಗೆರೆಯಾಚೆ ನಿಂತಿದ್ದೆ. ಭಾವ ಈ ಸದ್ದಿಗಾದರೂ ಎಂಜಿನ್ ನೋಡುತ್ತಾರೆಂದುಕೊಂಡೆ. ಇಲ್ಲ. ಅವರು ಅಕ್ಕನ ಬೆನ್ನಿಗೆ ನಿಂತು, ಗಾಳಿಗೆ ಎದ್ದ ಅವಳ ಸೆರಗನ್ನು ಮುದುರಿ ಮುದುರಿ, ಎರಡೂ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.