ಮೂರು ಹೆಣ್ಣು ಮರಿಗಳನ್ನು ಚೀಲಕ್ಕೆ ಹಾಕಿದವರು

ನಮ್ಮ ಬೀದಿಯವರು ಮೂರು ಹೆಣ್ಣು ಬೆಕ್ಕಿನ ಮರಿಗಳನ್ನು ಗೊಬ್ಬರದ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಇಟ್ಟು ಬಂದರು. ಅದೇ ಮರಿಗಳ ಫೋಟೋ ಹಂಚಿಕೊಂಡು ಮುದ್ದು ಮಾಡಿದವರೂ ಇವರೇ. ಅಜ್ಜಂಪುರದಲ್ಲಿ ಇದು ಹೊಸದಲ್ಲ. ಕಡೂರಿನಲ್ಲೂ ಇದೇ, ತರೀಕೆರೆಯಲ್ಲೂ ಇದೇ. ಬೆಕ್ಕು ಮರಿ ಹಾಕಿದಾಗಲೆಲ್ಲ ನಡೆಯುತ್ತದೆ. ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ.

೧. ಬೀದಿ ಎದ್ದ ದಿನ

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಎದುರು ಮನೆ ಕೊಬ್ಬರಿ ವ್ಯಾಪಾರಿಯದು. ಅವರ ಬೆಕ್ಕು ನನ್ನ ಅಂಗಡಿಯ ಹಳೇ ತಂತಿ ಡಬ್ಬದಲ್ಲಿ ನಾಲ್ಕು ಮರಿ ಹಾಕಿತು. ವ್ಯಾಪಾರಿಯ ಹೆಂಡತಿ ಓಡಿ ಬಂದು ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು: "ನಮ್ಮನೆಗೆ ನಾಲ್ಕು ಜನ ಬಂದವ್ರೆ!"

"ಅತ್ತಿಗೆ, ನಾಲ್ಕೂ ಸಾಕ್ತೀರಾ?" ಎಂದು ಕೇಳಿದೆ.

"ಗಂಡು ಒಂದು ಇಟ್ಕತೀವಿ ಕಣಪ್ಪಾ, ಕೊಬ್ಬರಿ ಅಟ್ಟದಲ್ಲಿ ಇಲಿ ಕಾಟ. ಹೆಣ್ಣು ಮೂರನ್ನ ಏನ್ ಮಾಡಾನ, ವರ್ಷಕ್ಕೆರಡು ಸಲ ಹೆರ್ತವೆ."

ಆ ಗುಂಪು ಕಟ್ಟಿದ್ದು ನಾನು, ನಲ್ಲಿ ನೀರಿನ ಜಗಳಕ್ಕೆ. ನೀರು ಬಂದಿಲ್ಲ ಎಂದು ಬರೆದರೆ ಒಬ್ಬರೂ ಉಸಿರೆತ್ತುವುದಿಲ್ಲ. ಬೆಕ್ಕು ಎಂದ ಕೂಡಲೇ ಇಡೀ ಬೀದಿ ಎದ್ದಿತು. ತಮ್ಮ ಬೆಕ್ಕು ಟಿವಿ ನೋಡುವ ಫೋಟೋ ಒಬ್ಬರು ಹಾಕಿದರು. ರಿಟೈರ್ ಆದ ಮೇಷ್ಟ್ರು ಒಬ್ಬರು, ತಮ್ಮ ಬೆಕ್ಕು ಏಕಾದಶಿಯ ದಿನ ಹಾಲೂ ಮುಟ್ಟುವುದಿಲ್ಲ ಎಂದು ಬರೆದರು.

"ಇಲಿ ಮುಟ್ಟುತ್ತಾ ಮೇಷ್ಟ್ರೇ?" ಎಂದು ಕೇಳಿದೆ.

"ದ್ವಾದಶಿ ಬೆಳಗ್ಗೆ," ಎಂದರು.

೨. ಮಾತಾಡುವ ಕಾಯಿ

ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು ಎನ್ನುತ್ತಾರೆ. ಅದಕ್ಕೇ ನಮ್ಮಲ್ಲಿ ಯಾರೂ ಕೊಲ್ಲುವುದಿಲ್ಲ. ಚೀಲಕ್ಕೆ ಹಾಕಿ, ದಾರಿ ಮರೆಯಲಿ ಎಂದು ಮೂರು ಸುತ್ತು ತಿರುಗಿಸಿ, ಪಕ್ಕದೂರಿನಲ್ಲಿ ಬಿಡುತ್ತಾರೆ. ಪಕ್ಕದೂರಿನವರು ತಮ್ಮವನ್ನು ತಂದು ನಮ್ಮೂರಲ್ಲಿ ಬಿಡುತ್ತಾರೆ.

ಮರಿಗಳಿಗೆ ತಿಂಗಳು ತುಂಬಿತ್ತು. ನಾನು ಮೋಟಾರ್ ಕೊಡಲು ಕಡೂರಿಗೆ ಹೋಗಿದ್ದಾಗ ಮೂರೂ ಹೆಣ್ಣು ಮರಿ ಮಾಯವಾದವು. ಮಾರನೆಯ ದಿನ ವ್ಯಾಪಾರಿ ನನ್ನ ಅಂಗಡಿಯಲ್ಲೇ ಕೂತು, ಟೀ ಕುಡಿಯುತ್ತಾ, ನಗುನಗುತ್ತಾ ಹೇಳಿದ. ಕೆರೆ ಏರಿಯ ಮೇಲೆ ಎದುರಿಂದ ಇನ್ನೊಬ್ಬ ಬೈಕಿನಲ್ಲಿ ಬಂದನಂತೆ, ಅವನದೂ ಒಂದು ಚೀಲ.

"ಏನಣ್ಣ ಚೀಲದಾಗೆ?" ಎಂದು ಅವನು ಕೇಳಿದನಂತೆ.

"ತೆಂಗಿನಕಾಯಿ ಕಣಪ್ಪಾ. ನಿಂದು?"

"ನಂದೂ ಕಾಯೇ."

ಅಷ್ಟರಲ್ಲಿ ಎರಡೂ ಚೀಲ ಮಿಯಾಂವ್ ಎಂದವಂತೆ.

"ನಡಿಯಣ್ಣ ಹೋಗಾನ. ನಮ್ಮ ಕಾಯಿ ನಿಮ್ಮ ಕಾಯಿನ ಮಾತಾಡಿಸ್ತಾ ಅವೆ."

೩. ಗಂಟು

ವ್ಯಾಪಾರಿ ಎದ್ದು ಹೋದ ಕೂಡಲೇ ನಾನು ಅಂಗಡಿ ಬಾಗಿಲೆಳೆದು ಕೆರೆ ಏರಿಗೆ ಹೋದೆ. ಚೀಲ ಇಟ್ಟಲ್ಲೇ ಇತ್ತು. ಬಾಯಿಗೆ ಹಾಕಿದ ಗಂಟು ಹಾಗೇ ಇತ್ತು. ಒಂದು ದಿನವಿಡೀ ಬಿಸಿಲು ಹೊಡೆದಿತ್ತು. ಬಿಚ್ಚಿ ನೋಡಿದರೆ ಎರಡು ಮರಿ ಸೆಟೆದುಕೊಂಡಿದ್ದವು. ಒಂದಕ್ಕೆ ಮಾತ್ರ ಹೊಟ್ಟೆ ಆಡುತ್ತಿತ್ತು. ಅದನ್ನು ಅಂಗಿಯೊಳಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಮತ್ತೆ ಚೀಲಕ್ಕೇ ಹೋಗುತ್ತಿತ್ತು. ಸತ್ತ ಎರಡನ್ನು ಚೀಲದ ಸಮೇತ ವ್ಯಾಪಾರಿಯ ಮನೆ ಜಗುಲಿಯ ಮೇಲೆ ಇಟ್ಟೆ. ಮೂರನೆಯದು ಎಲ್ಲಿ ಎಂದು ಅವರು ಕೇಳಲೂ ಇಲ್ಲ.

ವ್ಯಾಪಾರಿಯ ಹೆಂಡತಿ ಅಂದರು, "ನಾನು ಕಟ್ಟಿದ್ದು ಅಷ್ಟೇ ಕಣಪ್ಪಾ. ಅಲ್ಲಿ ಹೋಗಿ ಬಿಚ್ತಾರೆ ಅನ್ಕಂಡೆ."

ಗಂಡ ಅಂದ, "ನಾನು ಇಟ್ಟಿದ್ದು ಅಷ್ಟೇ. ಸಡಿಲ ಕಟ್ಟವಳೆ, ಅವೇ ಬತ್ತವೆ ಅನ್ಕಂಡೆ."

"ಹಂಗಾದ್ರೆ ಕೊಂದಿದ್ದು ಯಾರು?"

ಆತ ಚೀಲ ತಿರುಗಿಸಿ, ಎಳೆದು ನೋಡಿ ಹೇಳಿದ: "ಈ ಗೊಬ್ಬರದ ಕಂಪ್ನಿಯೋರು ಚೀಲ ಭಾಳ ಗಟ್ಟಿ ಮಾಡ್ತಾರೆ ಕಣೋ."

೪. ಯಾವ ಪಾಪಿ

ಬದುಕುಳಿದ ಹೆಣ್ಣು ಮರಿಗೆ ನನ್ನ ಹೆಂಡತಿ ಬತ್ತಿಯಲ್ಲಿ ಹಾಲು ಕುಡಿಸಿ ಜೀವ ನಿಲ್ಲಿಸಿದಳು. ತಿಂಗಳೆರಡು ಕಳೆದ ಮೇಲೆ ಅದರ ಫೋಟೋ ಗುಂಪಿಗೆ ಹಾಕಿ, "ಈ ಮರಿಗೆ ಮನೆ ಬೇಕು," ಎಂದಷ್ಟೇ ಬರೆದೆ.

ನಿಮಿಷದಲ್ಲಿ ಎದುರು ಮನೆಯ ಅತ್ತಿಗೆಯಿಂದಲೇ ಉತ್ತರ: "ಅಯ್ಯೋ ಬಂಗಾರೀ! ಏನು ಕಣ್ಣು! ಇಂಥದ್ದನ್ನ ಯಾವ ಪಾಪಿ ಬಿಟ್ಟೋದ? ನಮಗೆ ಕೊಡಪ್ಪಾ, ಈಗ್ಲೇ ಬತ್ತೀನಿ."

ಬಂದೇಬಿಟ್ಟರು, ಬಟ್ಟಲಲ್ಲಿ ಹಾಲು ಹಿಡಿದುಕೊಂಡು. ತಾವೇ ಕಟ್ಟಿದ ಮರಿ ಎಂದು ಗುರುತು ಹತ್ತಲಿಲ್ಲ. ಎದೆಗವಚಿಕೊಂಡರು, ಮುತ್ತಿಟ್ಟರು, ಸೆಲ್ಫಿ ತೆಗೆದರು. ಆಮೇಲೆ ಬಾಲ ಎತ್ತಿ ನೋಡಿದರು.

"ಹೆಣ್ಣಾ?"

"ಹೆಣ್ಣು, ಅತ್ತಿಗೆ."

ಮರಿಯನ್ನು ನನ್ನ ಕೈಗಿಟ್ಟರು. "ಹಂಗಾದ್ರೆ ಫೋಟೋನೇ ಇರ್ಲಿ ಬಿಡಪ್ಪಾ," ಎಂದು, ಹಾಲಿನ ಬಟ್ಟಲು ಎತ್ತಿಕೊಂಡು ಹೋದರು.

ನಕ್ಕಿರಾ? ನಿಮ್ಮ ಮನೆಯ ಹೆಣ್ಣು ಬೆಕ್ಕು ಈಗ ಎಲ್ಲಿ ಮಲಗಿದೆ ನೋಡಿ. ತರೀಕೆರೆಯ ದನದ ಡಾಕ್ಟರೊಬ್ಬರನ್ನು ಕೇಳಿದೆ. "ತಂದ್ರೆ ಮರಿ ಆಗದಂಗೆ ಆಪರೇಷನ್ ಮಾಡ್ತೀನಿ ಕಣ್ರೀ, ಯಾರೂ ತರಲ್ಲ," ಎಂದರು. ನಾನು ಈ ಮರಿಯನ್ನು ಅವರ ಬಳಿ ಕೊಂಡೊಯ್ಯುತ್ತೇನೆ. ನೀವು ಫೋನು ಕೆಳಗಿಡಿ. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಡಿ. ಅದು ಮುಂದಿನ ಸಲ ಬಸುರಾಗುವ ಮುಂಚೆ ಹೊರಡಿ.