ಅಂಗಡಿಯ ನಿಯಮ ಪುಸ್ತಕವೂ ಎಳ್ಳ ಅಮಾವಾಸ್ಯೆಯೂ

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹುಬ್ಬಳ್ಳಿಯ ಅಂಗಡಿಗಳಿಗೂ ಹೊಸ ರಾಜ್ಯದ ಕಾಯ್ದೆ ಬಂತು. ನಾನು ಗುಮಾಸ್ತನಾಗಿದ್ದ ಅರಿವೆ ಅಂಗಡಿಯ ಸಾಹುಕಾರರು ಒಂದು ದಿನ, "ಇನ್‌ಸ್ಪೆಕ್ಟರ್ ಬರತಾರಂತ. ರಜಾ, ಕೆಲಸದ ವ್ಯಾಳ್ಯಾ ಎಲ್ಲಾ ಕಾಯ್ದೆ ಪ್ರಕಾರ ಒಂದು ಪುಸ್ತಕದಾಗ ಬರದಿಡ್ರಿ. ನಿಮ್ಮ ಕೈಲೆ ಆಕ್ಕೈತೇನು?" ಎಂದರು.

ನನ್ನನ್ನು ಹೀಗೆ ಕೇಳುವುದೇ! ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ಪ್ರಬಂಧಕ್ಕೆ ಶಭಾಸ್ ಅನ್ನಿಸಿಕೊಂಡ ಕೈ ಇದು. ಹದಿನೈದು ದಿನ ಕುಳಿತು ಬರೆದೆ. 'ಭಾನುವಾರ ವಾರದ ರಜೆ. ಉಳಿದ ಯಾವ ದಿನ ರಜೆ ಬೇಕಾದರೂ ಏಳು ದಿನ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ರಜೆ ನಾಮಂಜೂರು.' ಆ 'ತಕ್ಕದ್ದು' ಬರೆಯುವಾಗ ನನಗೇ ಮೈ ಜುಮ್ಮೆಂದಿತು. ನಾಲ್ವರು ಕೆಲಸದವರನ್ನು ಕೂಡಿಸಿ ಎರಡು ಸಲ ಓದಿ ಹೇಳಿದೆ. ಅರಿವೆ ಅಳೆಯುವ ಬಸಣ್ಣ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಹೋಗಿದ್ದಾನೆ ಎಂದುಕೊಂಡೆ.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಅಮ್ಮಿನಬಾವಿಯ ಮಾವನವರು ಹೊಸ ಅಳಿಯನಾದ ನನ್ನನ್ನು ಚರಗಕ್ಕೆ ಕರೆದಿದ್ದರು. ಹೊಲದಲ್ಲಿ ನೈವೇದ್ಯ ಚೆಲ್ಲಿ, ಎಲ್ಲರೂ ಅಲ್ಲೇ ಕೂತು ಕಡಬು, ಸಜ್ಜಿರೊಟ್ಟಿ ಉಣ್ಣುವ ಹಬ್ಬ. ನಾನು ದಿನ ಎಣಿಸುತ್ತಿದ್ದೆ.

ಎಂಟು ದಿನ ಇರುವಾಗ ಬಸಣ್ಣ ಉಳಿದ ಮೂವರನ್ನೂ ಕರೆದುಕೊಂಡು ಬಂದ. "ಅಮಾಸಿ ದಿನಕ್ಕ ನಮ್ಮ ನಾಲ್ಕೂ ಮಂದೀದು ರಜಾ ಅರ್ಜಿ ಬರಕೊಡ್ರಿ."

"ಅಮಾಸಿಗೆ ಅಂಗಡೀನ ಮುಚ್ಚಿರತೈತಿ. ಅರ್ಜಿ ಯಾಕಪಾ?"

"ಇರಲಿ, ಬರದುಬಿಡ್ರಿ."

ಪಾಪ, ಕಾಯ್ದೆ ತಿಳಿಯದ ಮಂದಿ ಎಂದು ನಗುತ್ತಲೇ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿಸಿದೆ.

ಅಮಾವಾಸ್ಯೆಯ ಹಿಂದಿನ ದಿನ ಸಾಹುಕಾರರು, "ನಾಳೆ ಲಗೂನ ಬರ್ರಿ" ಎಂದರು.

"ನಾಳೆ ಅಮಾಸಿ ಅಲ್ರಿ?"

"ಪುಸ್ತಕದಾಗ ಅಮಾಸಿ ಎಲ್ಲೈತ್ರಿ? ಇನ್‌ಸ್ಪೆಕ್ಟರ್ ಬರೋರದಾರ. ಬರದಂಗ ನಡೀಬೇಕು."

ತೆರೆದು ನೋಡಿದೆ. ಇರಲಿಲ್ಲ. ಅವರ ಅಜ್ಜನ ಕಾಲದಿಂದ ಅಮಾವಾಸ್ಯೆಗೆ ಆ ಅಂಗಡಿಯ ಬಾಗಿಲು ತೆರೆದದ್ದೇ ಇಲ್ಲ. ಅದನ್ನೂ ಬರೆದಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಬಸಣ್ಣನಿಗೆ ಹೊಳೆದಿತ್ತು.

"ಹಂಗಾದ್ರ ನನಗೂ ರಜಾ ಕೊಡ್ರಿ" ಎಂದೆ. ಸಾಹುಕಾರರು 'ಏಳು ದಿನ ಮುಂಚಿತವಾಗಿ' ಎಂಬಲ್ಲಿ ಬೆರಳಿಟ್ಟು ತೋರಿಸಿದರು. ಅಕ್ಷರವೇನೋ ಮುತ್ತಿನಂತಿತ್ತು.

ಮನೆಯಲ್ಲಿ ಹೆಂಡತಿ ಪೂರಾ ಕೇಳಿಸಿಕೊಂಡು, "ಮಂದಿಗೆಲ್ಲಾ ಅರ್ಜಿ ಬರದುಕೊಟ್ರಿ. ನಿಮ್ಮ ಪಾಳಿ ಬರೋದ್ರಾಗ ಮಸಿ ತೀರಿತ್ತೇನು?" ಎಂದಳು. ಬೆಳಿಗ್ಗೆ ಕರೆಯಲು ಬಂದ ತನ್ನ ತಮ್ಮನೊಂದಿಗೆ ತವರಿಗೆ ಹೋದಳು.

ಅಂಗಡಿಯಲ್ಲಿ ನಾನು ಮತ್ತು ಸಾಹುಕಾರರು. ಊರ ಮಂದಿಯೆಲ್ಲ ಹೊಲದಲ್ಲಿದ್ದರು. ಗಿರಾಕಿ ಒಬ್ಬನೂ ಬರಲಿಲ್ಲ. ಇನ್‌ಸ್ಪೆಕ್ಟರ್ ಬಂದರು. ಮೈಸೂರು ಕಡೆಯವರು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, "ಬಹಳ ಸೊಗಸಾಗಿದೆ. ಕೆಲಸದವರೆಲ್ಲ ಎಲ್ಲಿ?" ಎಂದರು.

"ನಿಯಮದ ಪ್ರಕಾರ ಅರ್ಜಿ ಕೊಟ್ಟು ಹಬ್ಬಕ್ಕ ಹೋಗ್ಯಾರ್ರಿ" ಎಂದರು ಸಾಹುಕಾರರು.

ಇನ್‌ಸ್ಪೆಕ್ಟರ್ ನಾಲ್ಕೂ ಅರ್ಜಿ ನೋಡಿ ತಲೆದೂಗಿದರು. ನಂತರ ನನ್ನತ್ತ ತಿರುಗಿ, "ಇವರೇಕೆ ಹೋಗಲಿಲ್ಲ?" ಎಂದು ಕೇಳಿದರು.

ಸಾಹುಕಾರರು ಶಾಂತವಾಗಿ ಹೇಳಿದರು: "ಪುಸ್ತಕಾ ಬರದವರು ಇವರ್ರಿ. ತಿಳಕೊಂಡವರು ಅವರು."

ನಾನು ಗಜ ಕೈಗೆತ್ತಿಕೊಂಡು, ಇಲ್ಲದ ಗಿರಾಕಿಗೆ ಅರಿವೆ ಅಳೆಯತೊಡಗಿದೆ.