ರುದ್ರಪ್ಪನವರ ಮೀಸೆ

ಹರಿಹರದ ಹೊಳೆದಂಡೆಯ ಹಳೆಯ ಛತ್ರದಲ್ಲಿ ಎರಡು ಕೋಣೆಯ ವಸ್ತುಸಂಗ್ರಹಾಲಯವಿತ್ತು. ಅರವತ್ತರ ದಶಕದ ಆರಂಭದಲ್ಲಿ ಅಲ್ಲಿ ಊರಿನ ಚರಿತ್ರೆ ಮತ್ತು ಕಲೆಯ ಪ್ರದರ್ಶನ ಏರ್ಪಾಡಾಯಿತು. ನಾನಾಗ ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಸಂಗ್ರಹಾಲಯದ ಕಾರ್ಯದರ್ಶಿ ಖಾದರ್ ಸಾಹೇಬರು ಒಂದು ತೈಲಚಿತ್ರವನ್ನು ನನ್ನ ಮನೆಗೆ ತಂದು, "ಮಾಸ್ತರೇ, ಮ್ಯಾಲಿನ ಧೂಳು ಒರೆಸಿಕೊಡ್ರಿ, ಸಾಕು" ಎಂದರು. ಚಿತ್ರದಲ್ಲಿದ್ದವರು ಊರಿಗೆ ಬಾವಿ ತೋಡಿಸಿದ ಹತ್ತಿ ವ್ಯಾಪಾರಿ, ದಿವಂಗತ ರುದ್ರಪ್ಪನವರು. ಪೇಟ, ಕರಿ ಕೋಟು, ಗಂಭೀರವಾದ ಮೀಸೆ.

ಬರೀ ಧೂಳು ಒರೆಸಲು ಕಲಾವಿದನೇ ಬೇಕೆ? ಚಿತ್ರದ ಜೀರ್ಣೋದ್ಧಾರವನ್ನೇ ಮಾಡುವುದೆಂದು ತೀರ್ಮಾನಿಸಿ, ಸೋಪಿನ ನೀರು ಕಲಸಿಕೊಂಡು ಕೂತೆ.

"ಅವರು ಒರೆಸ್ರಿ ಅಂದ್ರೆ ನೀವು ಜಳಕ ಮಾಡ್ಸಾಕ ಕುಂತೀರಲ್ಲ" ಎಂದಳು ಹೆಂಡತಿ ಗಿರಿಜೆ.

"ಇದು ಶಾಸ್ತ್ರೀಯ ವಿಧಾನ. ನಿನಗೆ ತಿಳಿಯಾದಿಲ್ಲ."

ಪೇಟ ಬೆಳ್ಳಗಾಯಿತು. ಕೆನ್ನೆ ಹೊಳೆಯಿತು. ಹುಮ್ಮಸ್ಸಿನಲ್ಲಿ ಮೂಗಿನ ಕೆಳಗೂ ಎರಡು ಸಲ ತಿಕ್ಕಿದೆ. ಮೀಸೆ ಬಟ್ಟೆಗೆ ಬಂತು.

ಗಿರಿಜೆ ಬಗ್ಗಿ ನೋಡಿದಳು. "ಪಾಪ, ಸತ್ತಮ್ಯಾಲೆ ಕ್ಷೌರ ಆತು."

ಮರುದಿನವೇ ಉದ್ಘಾಟನೆ. ಚಿತ್ರಕ್ಕೆ ಹಾರ ಹಾಕುವವರು ರುದ್ರಪ್ಪನವರ ಹೆಂಡತಿ ಗೌರಮ್ಮ. ಬಣ್ಣ ತೆಗೆದುಕೊಂಡು ಹೊಸ ಮೀಸೆ ಬರೆದೆ. ಬಲಗಡೆ ತುಸು ದಪ್ಪವಾಯಿತು. ಅದಕ್ಕೆ ಸಮ ಮಾಡಲು ಎಡಗಡೆ ಬೆಳೆಸಿದೆ. ಅದಕ್ಕೆ ಸಮ ಮಾಡಲು ಮತ್ತೆ ಬಲಗಡೆ. ಮೀಸೆ ಕಿವಿ ಮುಟ್ಟಿದಾಗ ಕುಂಚ ಕೆಳಗಿಟ್ಟೆ.

ಬೆಳಿಗ್ಗೆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹರಿಹರದ ರೈಲು ಹತ್ತಿದೆ. ಬಣ್ಣ ಇನ್ನೂ ಆರಿರಲಿಲ್ಲ. ಎದುರಿಗೆ ಕೂತಿದ್ದ ಹದಡಿಯ ರೈತರೊಬ್ಬರು ಬಹಳ ಹೊತ್ತು ನೋಡಿ, "ಯಾರ್ರಿ ಇವ್ರು, ಪೊಲೀಸ್ನೋರಾ?" ಎಂದು ವಿಚಾರಿಸಿದರು.

ಸಭೆ ತುಂಬಿತ್ತು. ಗೌರಮ್ಮನವರು ಚೆಂಡುಹೂವಿನ ಹಾರ ಹಾಕಿ, ಅದು ಮುಖಕ್ಕೆ ಅಡ್ಡ ಬಂತೆಂದು ಪಕ್ಕಕ್ಕೆ ಸರಿಸಿದರು. ಹಾರದ ಜೊತೆ ಅರ್ಧ ಮೀಸೆಯೂ ಸರಿಯಿತು. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಹೋದರು.

"ನಮ್ಮನೆಯೋರು ಹುಟ್ಟಾ ಮೀಸೆ ಬಿಟ್ಟೋರಲ್ಲ. ಮುಖ ಬೋಳು ಕಾಣ್ತೈತೆ ಅಂತ, ಅವರು ಹೋದಮ್ಯಾಲೆ ನನ್ ಮಗ ಯಾರ ಕೈಲೋ ಬರೆಸಿದ್ದ. ಅಳಿಸ್ರೋ ಅಂತ ಎಷ್ಟು ವರ್ಷದಿಂದ ಬಡ್ಕಂತಿದೀನಿ. ಈಗ ನೋಡಿದ್ರೆ ಇನ್ನೂ ಬೆಳೆದೈತೆ."

ಅಂದರೆ, ಹಿಂದಿನ ದಿನ ತಿಕ್ಕಿ ಸುಮ್ಮನೆ ಕೂತಿದ್ದರೆ ನಾನು ಮಹಾ ಕಲಾತಜ್ಞನಾಗುತ್ತಿದ್ದೆ!

ಗೌರಮ್ಮನವರು ಬಣ್ಣ ಹತ್ತಿ ಕರಿಯಾಗಿದ್ದ ನನ್ನ ಬೆರಳುಗಳನ್ನು ನೋಡಿದರು. "ಮಾಸ್ತರು ನೀವೇನ್ರಿ? ಒರೆಸ್ರಿ ಅದನ್ನ."

ಎಲ್ಲರೆದುರಿಗೆ ಕರವಸ್ತ್ರದಿಂದ ಒರೆಸಿದೆ. ಉಳಿದ ಮೀಸೆಯೂ ಹೋಯಿತು. ಆ ಮುಖವನ್ನು ಅವರು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ, "ಈಗ ನಮ್ಮೋರಾದ್ರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ವಿನಯದಿಂದ ಕೈಮುಗಿದೆ.

ಖಾದರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ಮುಂದಿನ ಸಲ ಶಾಸನದ ಕಲ್ಲಿನ ವಿಭಾಗ ನಿಮ್ಮದೇ ಮಾಸ್ತರೇ. ಎಷ್ಟು ತಿಕ್ಕಿದ್ರೂ ಏನೂ ಹೋಗಾದಿಲ್ಲ."

ಬಡ್ತಿ ಸಿಕ್ಕಿತೆಂದು ಮನೆಗೆ ಬಂದು ಹೆಮ್ಮೆಯಿಂದ ತಿಳಿಸಿದೆ. ಅದು ಬಡ್ತಿಯಲ್ಲವೆಂದು ಗಿರಿಜೆಯೇ ಬಿಡಿಸಿ ಹೇಳಬೇಕಾಯಿತು.